ಮಲಪ್ರಭೆಯ ಮಡಿಲಲ್ಲಿ ಬಾದಾಮಿ: ಬತ್ತಿದರೂ ಸಂಕಟ, ಉಕ್ಕಿದರೂ ಸಂಕಟ

ಬಾದಾಮಿ: 2018ರ ಮೇ ತಿಂಗಳಲ್ಲಿ ಇಡೀ ರಾಜ್ಯದ ಗಮನ ಬಾಗಲಕೋಟೆ ಜಿಲ್ಲೆಯ ಈ ಒಂದು ವಿಧಾನಸಭಾ ಕ್ಷೇತ್ರದ ಮೇಲಿತ್ತು. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಬಿಜೆಪಿಯ ಬಿ. ಶ್ರೀರಾಮುಲು ಮುಖಾಮುಖಿಯಾದ ಕಣದಲ್ಲಿ ಗೆಲುವಿನ ಅಂತರ ಕೇವಲ 1,696 ಮತ. ಯಾವ ಸಮುದಾಯ ಯಾರ ಬೆನ್ನಿಗೆ ನಿಂತಿತು, ಯಾವ ಊರು ಕೈಕೊಟ್ಟಿತು ಎಂಬ ಲೆಕ್ಕಾಚಾರದಲ್ಲಿ ರಾಜಕೀಯ ಪಂಡಿತರು ವಾರಗಟ್ಟಲೆ ಮುಳುಗಿದ್ದರು. ಹದಿನೈದು ತಿಂಗಳು ಕಳೆಯುವಷ್ಟರಲ್ಲಿ, 2019ರ ಆಗಸ್ಟ್‌ನಲ್ಲಿ, ಮಲಪ್ರಭೆ ದಂಡೆ ಮೀರಿ ಹರಿಯಿತು. ಗೆದ್ದವರ ಊರು, ಸೋತವರ ಊರು ಎಂಬ ಭೇದವಿಲ್ಲದೆ ಹೊಲ, ಮನೆ, ಮಠ, ಮಂದಿರಗಳಿಗೆ ನೀರು ನುಗ್ಗಿತು. ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲಿನ ದೇಗುಲ ಸಮುಚ್ಚಯವೂ ಜಲಾವೃತವಾಯಿತು.

ಸಿದ್ದರಾಮಯ್ಯ 2023ರಲ್ಲಿ ವರುಣಾ ಕ್ಷೇತ್ರಕ್ಕೆ ಮರಳಿದರು. ಬಾದಾಮಿಯಲ್ಲಿ ಕಾಂಗ್ರೆಸ್‌ನ ಭೀಮಸೇನ ಚಿಮ್ಮನಕಟ್ಟಿ ಆಯ್ಕೆಯಾದರು. ಶಾಸಕರು ಬದಲಾದರು, ಸರಕಾರಗಳೂ ಬದಲಾದವು. ಬದಲಾಗದೆ ಉಳಿದಿರುವುದು ಒಂದೇ ಪ್ರಶ್ನೆ: ವರ್ಷದ ಬಹುಪಾಲು ಬತ್ತಿ ಮಲಗುವ ನದಿ, ಕೆಲವೇ ದಿನಗಳಲ್ಲಿ ಉಗ್ರರೂಪ ತಾಳಿ ಊರುಗಳನ್ನು ಮುಳುಗಿಸುವುದೇಕೆ? ಇದನ್ನು ಪ್ರಕೃತಿಯ ಮುನಿಸು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನದಿಯ ಸ್ಥಿತಿಯನ್ನು ಕೂಲಂಕಷವಾಗಿ ನೋಡಿದರೆ ಬರ ಮತ್ತು ನೆರೆ ಎರಡಕ್ಕೂ ಒಂದೇ ಮೂಲವಿರುವುದು ಸ್ಪಷ್ಟವಾಗುತ್ತದೆ. ನದಿಯ ನೀರನ್ನು ಹಂಚಿಕೊಂಡವರುಂಟು, ನದಿಯನ್ನು ನದಿಯಾಗಿ ಉಳಿಸಿಕೊಳ್ಳುವ ಹೊಣೆ ಹೊತ್ತವರಿಲ್ಲ.

ಹುಟ್ಟುವ ಕಡೆ ಮಳೆ, ಹರಿಯುವ ಕಡೆ ಬಿಸಿಲು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮಘಟ್ಟದ ನೆತ್ತಿಯಲ್ಲಿರುವ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಪೂರ್ವಕ್ಕೆ ಸಾಗಿದಂತೆ ಮಳೆಯ ಪ್ರಮಾಣ ಕುಸಿಯುತ್ತ ಹೋಗಿ, ಬಾದಾಮಿ ತಲಪುವ ವೇಳೆಗೆ 600 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಂದರೆ ನದಿಯ ನೀರು ಬಹುಮಟ್ಟಿಗೆ ಘಟ್ಟದ ಕೊಡುಗೆ. ಬಯಲಿಗೆ ಅದು ದೂರದಿಂದ ಬಂದ ಅತಿಥಿ.

ಈ ಅತಿಥಿಯನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿದ್ದು ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ 1970ರ ದಶಕದ ಆರಂಭದಲ್ಲಿ ರೂಪುಗೊಂಡ ರೇಣುಕಾಸಾಗರ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಅಡಿ. ಬೆಳಗಾವಿ, ಧಾರವಾಡ, ಗದಗ ಹಾಗೂ ಬಾಗಲಕೋಟೆ ಜಿಲ್ಲೆಗಳ ಎರಡು ಲಕ್ಷ ಹೆಕ್ಟೇರ್‌ಗೂ ಹೆಚ್ಚಿನ ಭೂಮಿಗೆ ನೀರುಣಿಸುವ ಉದ್ದೇಶ ಈ ಯೋಜನೆಗಿತ್ತು. ಆದರೆ ಜಲಾಶಯ ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಇದರೊಂದಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕುಡಿಯುವ ನೀರಿನ ಹೊರೆಯೂ ಈ ಜಲಾಶಯದ ಮೇಲೆಯೇ ಬಿದ್ದಿತು. ನಗರದ ನಲ್ಲಿಗೆ ಒಂದು ಪಾಲು, ಕಾಲುವೆಗೆ ಇನ್ನೊಂದು ಪಾಲು. ಅಣೆಕಟ್ಟಿನ ಕೆಳಗಿನ ನದಿಪಾತ್ರಕ್ಕೆ ಉಳಿದದ್ದು ಹೆಚ್ಚಿನ ಮಟ್ಟಿಗೆ ಮಿಕ್ಕ ನೀರು ಮಾತ್ರ. ಮಿಗತೆಯಿಲ್ಲದ ವರ್ಷ ರಾಮದುರ್ಗದಿಂದ ಮುಂದಕ್ಕೆ ನದಿ ಮಡುಗಳ ಸಾಲಾಗಿ ಒಡೆದು ಕೂರುತ್ತದೆ.

ಬತ್ತಿದ ನದಿಯೇ ನೆರೆಗೆ ದಾರಿ

ಹರಿಯದ ನದಿಗೆ ಗಡಿಯೂ ಇರುವುದಿಲ್ಲ. ವರ್ಷಾನುಗಟ್ಟಲೆ ನೀರು ಕಾಣದ ಪಾತ್ರದಲ್ಲಿ ಜಾಲಿ ಬೆಳೆಯುತ್ತದೆ. ಹೂಳು ತುಂಬಿ ತಗ್ಗು ಮೇಲೇಳುತ್ತದೆ. ದಂಡೆಯ ಹೊಲ ಪ್ರತಿ ಹಂಗಾಮಿಗೂ ಒಂದೆರಡು ಸಾಲಿನಂತೆ ನದಿಯೊಳಕ್ಕೆ ಚಾಚುತ್ತದೆ. ಒಂದೆಡೆ ಮರಳಿಗಾಗಿ ಪಾತ್ರವನ್ನು ಬಗೆದು ಗುಂಡಿ ತೋಡಿದರೆ, ಇನ್ನೊಂದೆಡೆ ಅದೇ ಪಾತ್ರ ಉಳುಮೆಯ ನೆಲವಾಗುತ್ತದೆ. ಹೀಗೆ ಕಿರಿದಾದ ಹಾದಿಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ದೊಡ್ಡ ನೀರು ಬಂದರೆ ಅದು ಹೋಗುವುದಾದರೂ ಎಲ್ಲಿಗೆ? ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಆ ಜಾಗದಲ್ಲಿ ಈಗ ಬೆಳೆ ನಿಂತಿದೆ, ಮನೆ ಎದ್ದಿದೆ.

ಇದಕ್ಕೆ ಮತ್ತೊಂದು ಕಾರಣ ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಜಲಾಶಯವನ್ನು ಮಳೆಗಾಲದಲ್ಲಿ ಆದಷ್ಟು ಬೇಗ ತುಂಬಿಸಿಕೊಳ್ಳುವುದೇ ವಾಡಿಕೆ. ಮುಂದೆ ಮಳೆ ಕೈಕೊಟ್ಟರೆ ಎಂಬ ಅಂಜಿಕೆ ಸಹಜವಾದುದೇ. ಆದರೆ ತುಂಬಿದ ಜಲಾಶಯಕ್ಕೆ ಘಟ್ಟದಿಂದ ಮತ್ತೆ ನೀರು ನುಗ್ಗಿದಾಗ ಹಿಡಿದಿಡಲು ಜಾಗವಿಲ್ಲದೆ, ಬಂದಷ್ಟನ್ನೂ ಕೆಳಕ್ಕೆ ಬಿಡುವುದು ಅನಿವಾರ್ಯವಾಗುತ್ತದೆ. ಅದೇ ಹೊತ್ತಿಗೆ ಬೆಣ್ಣಿಹಳ್ಳ ತುಂಬಿ ಬಂದರಂತೂ ಅನಾಹುತ ತಪ್ಪಿದ್ದಲ್ಲ. ನವಲಗುಂದ, ನರಗುಂದ ಭಾಗದ ಎರೆ ಬಯಲಿನ ನೀರನ್ನೆಲ್ಲ ಹೊತ್ತು ತರುವ ಬೆಣ್ಣಿಹಳ್ಳ, ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಕೂಡುತ್ತದೆ. ಇದು ಅಣೆಕಟ್ಟಿಗಿಂತ ಕೆಳಗಿನ ಸಂಗಮ. ಆದ್ದರಿಂದ ನವಿಲುತೀರ್ಥದ ಗೇಟುಗಳಿಗೆ ಬೆಣ್ಣಿಹಳ್ಳದ ಮೇಲೆ ಯಾವ ಹಿಡಿತವೂ ಇಲ್ಲ. ಎರಡು ಹರಿವುಗಳು ಒಟ್ಟಾಗಿ ಬಂದೆರಗುವುದು ಬಾದಾಮಿ ತಾಲ್ಲೂಕಿನ ಹಳ್ಳಿಗಳ ಮೇಲೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕ ತತ್ತರಿಸಿದ್ದನ್ನು ರಾಜ್ಯ ಮರೆತಿಲ್ಲ. ಹತ್ತು ವರ್ಷಗಳ ನಂತರ 2019ರಲ್ಲಿ ಅದೇ ದೃಶ್ಯ ಮರುಕಳಿಸಿತು. ಪ್ರತಿ ಬಾರಿಯೂ ನದಿ ಒತ್ತುವರಿ ತೆರವಿನ ಮಾತು ಕೇಳಿಬಂತು. ನೀರು ಇಳಿದಂತೆ ಮಾತಿನ ಕಾವೂ ಇಳಿಯಿತು. ಒತ್ತುವರಿ ತೆರವು ಎಂಬುದು ಮತದ ಲೆಕ್ಕದಲ್ಲಿ ಯಾವ ಪಕ್ಷಕ್ಕೂ ಲಾಭದ ಕೆಲಸವಲ್ಲ. ದಂಡೆಯ ರೈತನಿಗೆ ಆ ನಾಲ್ಕು ಸಾಲು ನೆಲವೂ ಜೀವನಾಧಾರ. ಕಳೆದುಕೊಳ್ಳುವವರು ಕಣ್ಣೆದುರಿಗಿದ್ದಾರೆ, ಉಳಿದುಕೊಳ್ಳುವವರು ಮುಂದಿನ ನೆರೆಯ ತನಕ ಅದೃಶ್ಯರು.

ಜೋಳದ ಸೀಮೆಯಲ್ಲಿ ಕಬ್ಬಿನ ಬಯಕೆ

ಮಲಪ್ರಭೆಯ ಬಯಲು ಮೂಲತಃ ಹಿಂಗಾರಿನ ಸೀಮೆ. ಎರೆ ಭೂಮಿ ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಆಮೇಲೆ ಒಂದು ಹನಿ ಬೀಳದಿದ್ದರೂ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಕಾಪಾಡುವ ಗುಣವುಳ್ಳದ್ದು. ಗುಡ್ಡದ ಬದಿಯ ಮಸಾರಿಯಲ್ಲಿ ಸಜ್ಜೆ, ಹೆಸರು, ತೊಗರಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಪೂಜಿಸುವುದು ಈ ಬೆಳೆಗಳ ಗತಿಗೆ ಹೊಂದಿಕೊಂಡೇ ಬಂದ ಆಚರಣೆಗಳು.

ನೀರಾವರಿ ಈ ಲೆಕ್ಕವನ್ನು ಬದಲಿಸಿತು. ಹತ್ತಿ, ಗೋಧಿ, ಜೋಳದಂತಹ ಮಿತ ನೀರಿನ ಬೆಳೆಗಳ ಬದಲು ನೀರು ಸಿಕ್ಕ ಕಡೆಯಲ್ಲೆಲ್ಲ ಕಬ್ಬು ತಲೆಯೆತ್ತಿತು. ವರ್ಷವಿಡೀ ನೀರು ಬೇಡುವ ಕಬ್ಬಿಗೆ ಕಾಲುವೆಯ ಮೊದಲ ಭಾಗ ಮತ್ತು ನದಿದಂಡೆಯ ಪಂಪ್‌ಸೆಟ್‌ಗಳು ಒಲಿದವು. ಕಾಲುವೆಯ ಕೊನೆಯಂಚಿನ ರೈತನಿಗೆ ಉಳಿದದ್ದು ಒಣಗಿದ ಹಂಚುಗಾಲುವೆ. ಇದಕ್ಕೆ ಕಬ್ಬು ಬೆಳೆದ ರೈತನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಕಾರ್ಖಾನೆಗೆ ಕಬ್ಬು ಸಾಗಿಸಿದರೆ ತಡವಾಗಿಯಾದರೂ ಕೈಗೆ ಹಣ ಬರುತ್ತದೆಂಬ ನಂಬಿಕೆ ಅವನಿಗಿದೆ. ಜೋಳಕ್ಕಾಗಲಿ, ಈರುಳ್ಳಿಗಾಗಲಿ ಅಂತಹ ಭರವಸೆ ಎಲ್ಲಿದೆ? ಮಾರುಕಟ್ಟೆಗೆ ಹೊತ್ತೊಯ್ದ ಈರುಳ್ಳಿ ಸಾಗಾಣಿಕೆಯ ವೆಚ್ಚವನ್ನೂ ಹುಟ್ಟಿಸದ ವರ್ಷಗಳನ್ನು ಈ ಭಾಗದ ಕೃಷಿಕರು ಕಂಡಿದ್ದಾರೆ.

ನೀರಿನ ಹೆಸರಿನಲ್ಲಿ ಈ ಬಯಲು ಎಂತಹ ಕಿಚ್ಚನ್ನು ಹೊತ್ತಿಸಬಲ್ಲದು ಎಂಬುದಕ್ಕೆ 1980ರ ನರಗುಂದ-ನವಲಗುಂದ ರೈತ ಬಂಡಾಯವೇ ಸಾಕ್ಷಿ. ನೀರು ಸರಿಯಾಗಿ ಹರಿಯದ ಹೊಲಗಳ ಮೇಲೂ ನೀರಿನ ಕರ ಮತ್ತು ಅಭಿವೃದ್ಧಿ ಕರ ಹೇರಿದ್ದರ ವಿರುದ್ಧ ಎದ್ದ ಆ ಚಳವಳಿ ಜುಲೈ 21ರ ಗೋಲಿಬಾರ್‌ನೊಂದಿಗೆ ರಾಜ್ಯವ್ಯಾಪಿಯಾಯಿತು. ಗುಂಡೂರಾವ್ ಸರಕಾರ 1983ರಲ್ಲಿ ಅಧಿಕಾರ ಕಳೆದುಕೊಳ್ಳಲು ಅದೂ ಒಂದು ಪ್ರಮುಖ ಕಾರಣವಾಯಿತು. ಅಂದು ರೈತರು ಕೇಳಿದ್ದು ಒಂದೇ ಪ್ರಶ್ನೆ: ಕೊಡದ ನೀರಿಗೆ ಕರವೇಕೆ? ನಾಲ್ಕು ದಶಕಗಳ ನಂತರವೂ ಆ ಪ್ರಶ್ನೆಯ ಅರ್ಧಭಾಗ ಹಾಗೆಯೇ ಇದೆ. ನೀರು ಯಾರಿಗೆ, ಎಷ್ಟು, ಯಾವಾಗ?

ಮಹದಾಯಿಯ ಲೆಕ್ಕಾಚಾರ

ಈ ಪ್ರಶ್ನೆಗೆ ಸಿದ್ಧ ಉತ್ತರವೆಂದು ಎಲ್ಲ ಪಕ್ಷಗಳೂ ತೋರಿಸುತ್ತ ಬಂದಿರುವುದು ಕಳಸಾ-ಬಂಡೂರಿ ಯೋಜನೆಯನ್ನು. ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಈ ಯೋಜನೆಗಾಗಿ 2015ರ ಜುಲೈನಿಂದ ನರಗುಂದದಲ್ಲಿ ನಡೆದ ದೀರ್ಘ ಧರಣಿ ಐತಿಹಾಸಿಕ ಎನಿಸಿತು. 2010ರಲ್ಲಿ ರಚನೆಯಾದ ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ನೀಡಿ, ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. 2020ರ ಫೆಬ್ರವರಿಯಲ್ಲಿ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ದೊರೆಯಿತು. ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಪ್ರಶ್ನೆ ಅದರ ನಂತರವೂ ನನೆಗುದಿಗೆ ಬಿತ್ತು.

ವೇದಿಕೆಗಳ ಮೇಲೆ 13.42 ಎಂಬ ಅಂಕಿ ಮೊಳಗುತ್ತದೆ. ಆದರೆ ಅದರೊಳಗಿನ ವಿಂಗಡಣೆಯನ್ನು ಬಿಡಿಸಿ ಹೇಳುವವರು ಕಡಿಮೆ. ಅದರಲ್ಲಿ 8.02 ಟಿಎಂಸಿ ಅಡಿ ಜಲವಿದ್ಯುತ್ತಿಗೆ. 1.5 ಟಿಎಂಸಿ ಅಡಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ಹರಿಯಬೇಕಾದುದು ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಅಡಿ. ಇದು ಜಲಾಶಯದ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಪಾಲು. ಅದೂ ಕುಡಿಯುವ ನೀರಿಗೆಂದು ಕೊಟ್ಟದ್ದು.

ಹಾಗೆಂದು ಈ ನೀರು ಬೇಡವೆಂದಲ್ಲ. ನಗರಗಳ ದಾಹಕ್ಕೆ ಮಹದಾಯಿಯ ಪಾಲು ಒದಗಿದರೆ ಜಲಾಶಯದ ಮೇಲಿನ ಹೊರೆ ಅಷ್ಟರಮಟ್ಟಿಗೆ ತಗ್ಗುತ್ತದೆ ಎಂಬುದು ನಿಜ. ಆದರೆ ಉಳಿದ ನೀರಿನಲ್ಲಿ ಒಂದಿಷ್ಟನ್ನು ನದಿಪಾತ್ರಕ್ಕೆ ಬಿಡಬೇಕೆಂಬ ನಿಯಮವನ್ನು ರೂಪಿಸದಿದ್ದರೆ ಬಾದಾಮಿಯ ದಂಡೆಗೆ ಅದರ ಹನಿಯೂ ಮುಟ್ಟದು. ನವಿಲುತೀರ್ಥದ ಮೇಲೆ ನದಿ ಎಷ್ಟೇ ತುಂಬಲಿ, ಕೆಳಗೆ ಹರಿಸುವ ಕಟ್ಟಳೆ ಇಲ್ಲದಿದ್ದರೆ ಕೆಳಗಿನ ನದಿ ಬರಿದೇ. ಮಹದಾಯಿಯ ಹೆಸರಿನಲ್ಲಿ ಮತ ಕೇಳುವವರು ಈ ಮಾತನ್ನು ಬಾದಾಮಿಯ ಮತದಾರರಿಗೆ ತಿಳಿಸಿ ಹೇಳಿದ್ದು ವಿರಳ.

ನದಿ ಕಟ್ಟಿದ ಪರಂಪರೆ

ಬಾದಾಮಿ ಎಂದೊಡನೆ ನಗರದ ಓದುಗನ ಕಣ್ಣಿಗೆ ಕಟ್ಟುವುದು ಕೆಂಪು ಬಂಡೆಯ ಗುಹಾಲಯಗಳು, ಅಗಸ್ತ್ಯತೀರ್ಥ. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿನ ಗುಡ್ಡದ ಮೇಲೆ ಕೋಟೆ ಕಟ್ಟಿದ್ದನ್ನು ಬಂಡೆಯ ಶಾಸನ ಸಾರುತ್ತದೆ. ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, ವರ್ಷ 578. ನೆರೆಯ ಹುನಗುಂದ ಭಾಗದಲ್ಲಿರುವ ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರ ಮೇಲೆ ಸಾಧಿಸಿದ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ಇಂದು ವಿರೂಪಾಕ್ಷ ದೇಗುಲವೆಂದು ಕರೆಯುವ ಗುಡಿ. 1987ರಲ್ಲಿ ಯುನೆಸ್ಕೊ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಮೂರೂ ನೆಲೆಗಳನ್ನು ಪೋಣಿಸಿದ ದಾರವೇ ಮಲಪ್ರಭೆ. ಪಟ್ಟದಕಲ್ಲಿನ ಬಳಿ ನದಿ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಎಂಬ ಕಾರಣಕ್ಕೇ ಆ ತಾಣ ಪವಿತ್ರವೆನಿಸಿ ಅರಸರ ಪಟ್ಟಾಭಿಷೇಕದ ನೆಲೆಯಾಯಿತೆಂಬುದು ಪ್ರತೀತಿ. ಗುಡಿ ಕಟ್ಟಿದ ಶಿಲ್ಪಿಗಳಿಗೆ, ಅವರನ್ನು ಪೋಷಿಸಿದ ರಾಜ್ಯಕ್ಕೆ ಅನ್ನವಿಕ್ಕಿದ್ದು ಇದೇ ಬಯಲಿನ ಜೋಳ. ಅಂದರೆ ಇಲ್ಲಿ ಪರಂಪರೆ ಮೊದಲು, ಕೃಷಿ ಆಮೇಲೆ ಎಂಬುದಿಲ್ಲ. ನದಿ ಮೊದಲು, ಉಳಿದೆರಡೂ ಆಮೇಲೆ.

ಪರಂಪರೆ ಎಂಬುದು ಕಲ್ಲಿನಲ್ಲಷ್ಟೇ ಉಳಿದಿಲ್ಲ. ಬನದ ಹುಣ್ಣಿಮೆಯಂದು ಆರಂಭವಾಗುವ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ರಾಜ್ಯದ ವೃತ್ತಿ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ. ವಾರಗಟ್ಟಲೆ ರಾತ್ರಿಯಿಡೀ ನಾಟಕ ನಡೆಯುತ್ತದೆ. ಮುಂಗಾರು ಪೈರಿನ ಹಣ ಕೈಸೇರಿ, ಹಿಂಗಾರಿನ ಜೋಳ ತೆನೆಗಟ್ಟುವ ಹೊತ್ತಿನಲ್ಲಿ ಬರುವ ಜಾತ್ರೆಯಿದು. ಬೆಳೆ ಕೈಕೊಟ್ಟ ವರ್ಷ ನಾಟಕದ ಗಲ್ಲಾಪೆಟ್ಟಿಗೆಯೂ ಸೊರಗುತ್ತದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗ ಮಂದಿರ ಇರುವುದೂ ಮಲಪ್ರಭೆಯ ದಂಡೆಯಲ್ಲೇ. ಇದೇ ಕ್ಷೇತ್ರದ ಗುಳೇದಗುಡ್ಡದ ಖಣ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕುಪ್ಪಸಕ್ಕೆ ತಲೆಮಾರುಗಳಿಂದ ಮೆರುಗು ನೀಡಿದೆ. ಸೀಮಂತವಿರಲಿ, ಮದುವೆಯಿರಲಿ, ರೈತನ ಮನೆಯ ಉಡಿ ತುಂಬುವ ಶಾಸ್ತ್ರಕ್ಕೆ ಖಣ ಬೇಕೇ ಬೇಕು. ಹೊಲದ ಸುಗ್ಗಿಗೂ ಮಗ್ಗದ ಸದ್ದಿಗೂ ಇರುವ ನಂಟು ಅದು.

ಸ್ಮಾರಕದ ನೆರಳಲ್ಲಿ ಸೂರಿನ ಚಿಂತೆ

ದಂಡೆಯ ಜನರ ಪಾಲಿಗೆ ಪರಂಪರೆ ಹೆಮ್ಮೆಯೂ ಹೌದು, ಇಕ್ಕಟ್ಟೂ ಹೌದು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಸ್ಮಾರಕಗಳ ಸುತ್ತಲೇ ಊರು ಬೆಳೆದಿರುವ ಪಟ್ಟದಕಲ್ಲು, ಐಹೊಳೆಗಳಲ್ಲಿ ಈ ನಿಯಮದ ಅರ್ಥವೇನು? ನೆರೆಯಲ್ಲಿ ಗೋಡೆ ಕುಸಿದ ಕುಟುಂಬ ಅದನ್ನು ಎತ್ತಿ ನಿಲ್ಲಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಇತ್ತ ದೇಗುಲಗಳ ಮರಳುಗಲ್ಲಿಗೂ ನೆರೆ ಒಳ್ಳೆಯದಲ್ಲ. ನೆನೆದು ಒಣಗುವ ಪ್ರಕ್ರಿಯೆ ಮರುಕಳಿಸಿದಷ್ಟೂ ಕಲ್ಲಿನ ಮೇಲ್ಪದರ ಸಡಿಲಗೊಳ್ಳುತ್ತದೆ.

ಇದಕ್ಕೆ ಪರಿಹಾರವೆಂದು ದಶಕಗಳಿಂದ ಹೇಳುತ್ತ ಬಂದಿರುವುದು ಗ್ರಾಮಗಳ ಸ್ಥಳಾಂತರ. 2009ರ ನೆರೆಯ ನಂತರ ‘ಆಸರೆ’ ಹೆಸರಿನಲ್ಲಿ ದಾನಿಗಳ ನೆರವಿನಿಂದ ಉತ್ತರ ಕರ್ನಾಟಕದ ಹಲವೆಡೆ ಹೊಸ ಬಡಾವಣೆಗಳು ಎದ್ದವು. ಅವುಗಳಲ್ಲಿ ಅನೇಕ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಕಾರಣ ಸರಳ. ಹೊಲ ಹಳೆಯ ಊರಿನಲ್ಲಿ, ಮನೆ ಹೊಸ ಊರಿನಲ್ಲಿ. ದನ ಕಟ್ಟಲು ಕೊಟ್ಟಿಗೆಯಿಲ್ಲ, ಮೇವು ಒಟ್ಟಲು ಹಿತ್ತಲಿಲ್ಲ, ಜೋಳ ತುಂಬಲು ಜಾಗವಿಲ್ಲ. ನಗರದ ನಕ್ಷೆಯಲ್ಲಿ ಕಟ್ಟಿದ ಮನೆ ಒಕ್ಕಲುತನದ ಕುಟುಂಬಕ್ಕೆ ಒಗ್ಗಲಿಲ್ಲ. ಜನ ಮುಳುಗುವ ಊರಿಗೇ ಮರಳಿದ್ದು ಮೌಢ್ಯದಿಂದಲ್ಲ, ಬದುಕಿನ ಲೆಕ್ಕದಿಂದ.

ಬಾಗಲಕೋಟೆ ಜಿಲ್ಲೆಗೆ ಸ್ಥಳಾಂತರ ಹೊಸದೂ ಅಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಜಿಲ್ಲಾ ಕೇಂದ್ರದ ಹಳೆಯ ಪಟ್ಟಣದ ಭಾಗಗಳೇ ಮುಳುಗಿ ನವನಗರ ಹುಟ್ಟಿಕೊಂಡಿತು. ಜಿಲ್ಲೆಯ ಜನ ಮುಳುಗಡೆಯ ಕಷ್ಟನಷ್ಟಗಳನ್ನು ಅನುಭವಿಸಿ ಬಲ್ಲರು. ಹಾಗಿದ್ದೂ ಅಲ್ಲಿ ಕಲಿತ ಪಾಠ ಮಲಪ್ರಭೆಯ ದಂಡೆಗೆ ಬರಲಿಲ್ಲವೆಂಬುದು ವಿಪರ್ಯಾಸ.

ಒಂದು ನದಿ, ಹಲವು ಕಡತ

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಜಲಾಶಯದ ನೀರು ನೀರಾವರಿ ಇಲಾಖೆಯ ಕಡತ. ಬೆಳೆ ಕೃಷಿ ಇಲಾಖೆಯದು. ನದಿದಂಡೆಯ ಸರ್ವೆ ಕಂದಾಯ ಇಲಾಖೆಯದು. ಮರಳು ಗಣಿ ಇಲಾಖೆಯದು. ದೇಗುಲ ಕೇಂದ್ರದ ಪುರಾತತ್ತ್ವ ಇಲಾಖೆಯದು. ಜಾತ್ರೆ, ಉತ್ಸವ ಮತ್ತೊಬ್ಬರದು. ಪ್ರತಿ ಇಲಾಖೆಯೂ ತನ್ನ ಕೆಲಸವನ್ನು ನಿಯಮದಂತೆಯೇ ಮಾಡುತ್ತಿರಬಹುದು. ಆದರೆ ನದಿ ಕಡತಗಳ ಗಡಿ ನೋಡಿ ಹರಿಯುವುದಿಲ್ಲ.

ಆಗಬೇಕಾದ ಕೆಲಸಗಳು ಅಸಾಧ್ಯವೇನಲ್ಲ. ಮೊದಲನೆಯದು, ನದಿಯ ಗಡಿಯನ್ನು ಸರ್ವೆ ಮಾಡಿ ಕಲ್ಲು ನೆಡುವುದು, ಒತ್ತುವರಿ ತೆರವಿನಿಂದ ನೆಲ ಕಳೆದುಕೊಳ್ಳುವ ಸಣ್ಣ ಹಿಡುವಳಿದಾರನಿಗೆ ಬದಲಿ ದಾರಿ ತೋರಿಸುವುದು. ಎರಡನೆಯದು, ಮಳೆಗಾಲದ ನಡುವೆ ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಸಿಕೊಂಡು, ಬೆಣ್ಣಿಹಳ್ಳದ ಹರಿವನ್ನು ಗಮನಿಸಿ ಗೇಟು ತೆರೆಯುವ ವ್ಯವಸ್ಥೆ. ಮೂರನೆಯದು, ಬೇಸಿಗೆಯಲ್ಲೂ ನದಿಪಾತ್ರಕ್ಕೆ ಕನಿಷ್ಠ ನೀರು ಬಿಡುವ ನಿಯಮ. ನಾಲ್ಕನೆಯದು, ಮಿತ ನೀರಿನ ಬೆಳೆಗಳಿಗೆ ಕಬ್ಬಿನಷ್ಟೇ ನೆಚ್ಚುವಂತಹ ಖರೀದಿ ವ್ಯವಸ್ಥೆ. ಐದನೆಯದು, ಕೊಟ್ಟಿಗೆ, ಹಿತ್ತಲು, ಕಣ ಸಹಿತವಾದ ಸ್ಥಳಾಂತರ, ಅದೂ ಹೊಲಕ್ಕೆ ನಡೆದು ಹೋಗುವಷ್ಟು ದೂರದಲ್ಲಿ.

ಇವುಗಳಲ್ಲಿ ಎರಡನೆಯದಕ್ಕೆ ಬೆಲೆ ತೆರಬೇಕಾದೀತು. ಖಾಲಿ ಬಿಟ್ಟ ಜಾಗ ಆ ವರ್ಷ ತುಂಬದೇ ಹೋದರೆ ಕಾಲುವೆಯ ರೈತನಿಗೆ ನಷ್ಟ. ಮೂರನೆಯದಕ್ಕೂ ಅಷ್ಟೇ, ನದಿಗೆ ಬಿಟ್ಟ ನೀರು ಕಾಲುವೆಗೆ ಇಲ್ಲ. ಆದ್ದರಿಂದ ಮೇಲಿನ ರೈತ ಮತ್ತು ಕೆಳಗಿನ ರೈತನ ನಡುವೆ ಬಹಿರಂಗವಾಗಿ ಚರ್ಚೆಯಾಗಿ ತೀರ್ಮಾನವಾಗಬೇಕಾದ ವಿಷಯವಿದು. ಈ ತನಕ ಆ ತೀರ್ಮಾನ ಚರ್ಚೆಯಿಲ್ಲದೆ ನಡೆದಿದೆ. ಬರದ ವರ್ಷ ನಷ್ಟ ಕೆಳಗಿನವರದು, ನೆರೆಯ ವರ್ಷವೂ ಕೆಳಗಿನವರದೇ.

ನರಗುಂದ, ರೋಣ, ರಾಮದುರ್ಗ, ಬಾದಾಮಿ, ಹುನಗುಂದ ಎಲ್ಲವೂ ಬೇರೆ ಬೇರೆ ಕ್ಷೇತ್ರಗಳು, ಮೂರು ಜಿಲ್ಲೆಗಳ ಹಂಚಿಕೆ. ಒಂದು ಕ್ಷೇತ್ರದ ಶಾಸಕ ಗೇಟು ತೆರೆಯಲು ಒತ್ತಾಯಿಸಿದರೆ ಇನ್ನೊಂದು ಕ್ಷೇತ್ರದ ಶಾಸಕ ಮುಚ್ಚಲು ಒತ್ತಾಯಿಸುತ್ತಾನೆ. ಈ ಎಳೆದಾಟಕ್ಕೆ ಅಂತ್ಯ ಹಾಡಲು ಮಲಪ್ರಭೆಯ ಇಡೀ ಪಾತ್ರಕ್ಕೆ ಅನ್ವಯಿಸುವ ಒಂದು ವೇಳಾಪಟ್ಟಿ ಸಾಕು: ಯಾವ ತಿಂಗಳು ಜಲಾಶಯದಲ್ಲಿ ಎಷ್ಟು ನೀರು, ನದಿಗೆ ಎಷ್ಟು, ಕಾಲುವೆಗೆ ಎಷ್ಟು. ಅದನ್ನು ಮಳೆಗಾಲಕ್ಕೆ ಮುಂಚೆಯೇ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದರೆ, ಮುಂದಿನ ಚುನಾವಣೆಯಲ್ಲಿ ಬಾದಾಮಿಯ ಮತದಾರ ಕೇಳಬೇಕಾದ ಪ್ರಶ್ನೆಗಳು ತಾನಾಗಿಯೇ ಸಿದ್ಧವಾಗುತ್ತವೆ.